ಸೇತುವೆಯ ಕಂಬಕ್ಕೆ ಮಂಜು ಹಾಕದ ತಾನ್ ಸುಯಿನ್

ಗುಯಿಝೌ ಪ್ರಾಂತ್ಯದ ಬೆಟ್ಟಸೀಮೆಯಲ್ಲಿ ಮಸಿಚಿತ್ರ ಬರೆಯುವವರಿಗೆ ಬರವಿಲ್ಲ. ಗಿರಿಶಿಖರ, ಜಲಪಾತ, ಒಂಟಿ ದೋಣಿಯ ಅಂಬಿಗ, ಇವಿಷ್ಟನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲ ಕಲಾವಿದರು ನಮ್ಮ ಜಿಲ್ಲೆಯ ಸಂಸ್ಕೃತಿ ಭವನದಲ್ಲೇ ಹಲವರಿದ್ದಾರೆ. ಆದರೆ ಅದೇ ಕುಂಚ, ಅದೇ ಮಸಿಯಿಂದ ಪ್ಲಾಸ್ಟಿಕ್ ಹೊದಿಸಿದ ಮೆಣಸಿನಕಾಯಿ ತೋಟವನ್ನೂ, ಗ್ವಾಂಗ್‌ಡಾಂಗ್‌ನ ಕಾರ್ಖಾನೆಗಳಿಗೆ ಹೊರಟವರ ಬಸ್ಸನ್ನೂ, ಅಂಗಳದಲ್ಲಿ ಚಾರ್ಜಿಗೆ ಹಾಕಿದ ಸ್ಕೂಟರನ್ನೂ ಬರೆದು, ಹಳ್ಳಿ ಬದಲಾದ ಮೇಲೆ ಹಳ್ಳಿಯ ಚಿತ್ರವೂ ಬದಲಾಗಲೇಬೇಕೆಂದು ಸೇವಾವಧಿಯುದ್ದಕ್ಕೂ ಹಟ ಹಿಡಿದವರು ಶ್ರೀಮತಿ ತಾನ್ ಸುಯಿನ್ ಒಬ್ಬರೇ. ನಿವೃತ್ತರಾದ ಅವರ ಕಲೆಯ ಕುರಿತು ಈ ಸಂಪುಟದಲ್ಲಿ ವಿದ್ವಾಂಸರು ಬರೆದಿದ್ದಾರೆ. ಈ ಲೇಖನ ಅವರ ಹಟವನ್ನು ಕುರಿತದ್ದು.

ಸೇವೆಗೆ ಸೇರಿದ ಹೊಸದರಲ್ಲಿ ಅವರ ಕೆಲಸ ಹೊಸವರ್ಷಕ್ಕೆ ಬಾಗಿಲಿಗೆ ಅಂಟಿಸುವ ಕೆಂಪು ಪಟ್ಟಿಗಳ ಮೇಲೆ ಶುಭನುಡಿ ಬರೆಯುವುದಾಗಿತ್ತು. ಊರೂರು ಸುತ್ತಿ ಬರೆಯುತ್ತಲೇ ಅವರು ಶಿಮೆನ್‌ಪೊ ಎಂಬ ಹಳ್ಳಿಯನ್ನು ಕಂಡರು. ಅಲ್ಲಿನ ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸಿ, ಊರ ಶಾಲೆಗೆ ಬೀಗ ಜಡಿದಾಗ, ಸುಯಿನ್ ಆ ಬೀಗದ ಕೈಯನ್ನು ತಮಗೆ ಕೊಡಿಸಬೇಕೆಂದು ಭವನವನ್ನು ಕೇಳಿದರು. ಪ್ರತಿ ಬುಧವಾರ ಅಲ್ಲಿ ಹಳ್ಳಿಯ ಹೆಂಗಸರಿಗೆ ಚಿತ್ರ ಕಲಿಸುವುದು ಅವರ ಉದ್ದೇಶವಾಗಿತ್ತು. ಭವನದಲ್ಲಿ ಮೂಗು ಮುರಿದವರೇ ಹೆಚ್ಚು.

ಹೆಂಗಸರೂ ಮೊದಮೊದಲು ದೂರವೇ ನಿಂತರು. ಕುಂಚವೆಂದರೆ ಓದಿದವರ ಕೈಯಲ್ಲಿರುವ ವಸ್ತು, ಹಂದಿಗೆ ಮೇವು ಕತ್ತರಿಸುವ ಕೈಗೆ ಅದೇಕೆ ಎಂದರು. ಪಾನ್ ಚ್ಯೂಲಿಯೆನ್ ಎಂಬ ಗಟ್ಟಿಗಿತ್ತಿಯಂತೂ, ತನ್ನ ಹಂದಿ ಮರಿ ಹಾಕುವ ದಿನ ಬಂದಿದೆ, ಚಿತ್ರ ಗಿತ್ರ ಆಮೇಲೆ ನೋಡೋಣ ಎಂದು ಹೇಳಿಕಳಿಸಿದಳು. ಸುಯಿನ್ ಮಸಿ ಅರೆಯುವ ಕಲ್ಲು, ಕಾಗದಗಳನ್ನು ಎತ್ತಿಕೊಂಡು ತರಗತಿಯನ್ನೇ ಹಂದಿಗೂಡಿನ ಬಾಗಿಲಿಗೆ ಕರೆದೊಯ್ದರು. ಚ್ಯೂಲಿಯೆನ್ ಬರೆದ ಮೊದಲ ಚಿತ್ರ ಅಂದು ಹುಟ್ಟಿದ ಮರಿಗಳದ್ದು. ಅದಕ್ಕೆ ರೇಷ್ಮೆಯ ಅಂಚು ಕಟ್ಟಿಸಿ ಭವನದ ಹಜಾರದಲ್ಲಿ ತೂಗುಹಾಕಿದ ಸುಯಿನ್, ನಕ್ಕವರನ್ನೆಲ್ಲ ಅದರ ಮುಂದೆ ನಿಲ್ಲಿಸಿ ಗೆರೆಗೆರೆಯನ್ನೂ ವಿವರಿಸಿದ್ದು ಸಹೋದ್ಯೋಗಿಗಳಾದ ನಮಗೆ ಇಂದಿಗೂ ನೆನಪಿದೆ.

ಮುಂದೆ ಹೆದ್ದಾರಿ ಬಂತು. ಬೆಟ್ಟದಿಂದ ಬೆಟ್ಟಕ್ಕೆ ಹಾಯುವ ಸೇತುವೆಗಾಗಿ ಕಣಿವೆಯಲ್ಲಿ ಕಂಬಗಳೆದ್ದವು; ಅವುಗಳಲ್ಲೊಂದು ಚ್ಯೂಲಿಯೆನ್‌ಳ ಮೆಟ್ಟಿಲುಗದ್ದೆಯ ನಡುವೆಯೇ ನಿಂತಿತು. ಪರಿಹಾರ ಸಿಕ್ಕಿತು, ಗದ್ದೆ ಹೋಯಿತು. ಆಕೆ ಆ ಕಣಿವೆಯನ್ನು ಬರೆದಳು. ಸುತ್ತ ಮೆಟ್ಟಿಲುಮೆಟ್ಟಿಲಾಗಿ ಪೈರು, ನಡುವೆ ಕಡುಮಸಿಯ ಕಂಬ, ಕಂಬದ ಬುಡದಲ್ಲಿ ಊಟದ ಬುತ್ತಿ ಹಿಡಿದು ನಿಂತ ಒಬ್ಬ ಹೆಂಗಸು. ಅಂಥ ಚಿತ್ರವನ್ನು ನಮ್ಮ ಭವನದಲ್ಲಿ ಯಾರೂ ಬರೆದಿರಲಿಲ್ಲ.

ಪ್ರಾಂತ್ಯದ ಪ್ರದರ್ಶನಕ್ಕೆ ಸುಯಿನ್ ಅದನ್ನೇ ಆರಿಸಿದರು. ಭವನದ ನಿರ್ದೇಶಕರಾದ ಲುವೊ ಅವರು ಕೆಟ್ಟವರಲ್ಲ, ಆದರೆ ಮೇಲಿನವರು ಏನೆನ್ನುವರೋ ಎಂಬ ಅಳುಕಿನಲ್ಲೇ ಕೂದಲು ಬೆಳ್ಳಗಾದವರು.

"ಆ ಕಂಬದ ಮೇಲೆ ಸ್ವಲ್ಪ ಮಂಜು ಹಾಕಿಸಿಬಿಡಿ, ತಾನ್ ಅವ್ರೇ. ನೋಡೋಕೆ ತಂಪಾಗಿರುತ್ತೆ," ಎಂದರು.

"ಮಂಜು ಆಮೇಲೆ ಹಾಕೋದಲ್ಲ ಸರ್. ಮಸಿ ಮುಟ್ಟಿಸದೆ ಬಿಟ್ಟ ಕಾಗದವೇ ಮಂಜು. ಅಲ್ಲೀಗ ಕಂಬ ನಿಂತಾಗಿದೆ."

ಹಾಗಿದ್ದರೆ ಬೇರೆ ಬರೆಸಿ, ಇಲ್ಲವಾದರೆ ಚಿತ್ರವೂ ಹೋಗುವುದಿಲ್ಲ, ಬುಧವಾರದ ತರಗತಿಗೆ ಕಾಗದವೂ ಬರುವುದಿಲ್ಲ ಎಂದು ಲುವೊ ಖಡಾಖಂಡಿತವಾಗಿ ಹೇಳಿದರು. ಸುದ್ದಿ ತಿಳಿದ ಚ್ಯೂಲಿಯೆನ್ ಬಸ್ಸು ಹಿಡಿದು ಓಡಿಬಂದಳು.

"ನಾನು ಬೇರೆ ಬರ್ಕೊಡ್ತೀನಿ ಟೀಚರ್. ಗದ್ದೆ ಹೋಗಿದ್ದು ಹೋಯ್ತು. ಕ್ಲಾಸೂ ಹೋದ್ರೆ ನಾವೆಲ್ಲಿ ಕೂತ್ಕೊಳ್ಳೋದು?"

"ಗದ್ದೆ ಹೋಗಿದ್ದನ್ನೂ ಇಲ್ಲ ಅನ್ನಿಸೋಕೆ ನಾನು ನಿನಗೆ ಕುಂಚ ಕೊಡಲಿಲ್ಲ," ಎಂದರು ಸುಯಿನ್. "ಕ್ಲಾಸು ನಡೆಯುತ್ತೆ. ಅದು ನನ್ನ ತಲೆನೋವು."

ಆ ಚಿತ್ರ ಪ್ರದರ್ಶನಕ್ಕೆ ಹೋಗಲಿಲ್ಲ, ಶಿಮೆನ್‌ಪೊ ಶಾಲೆಯ ಗೋಡೆಯಲ್ಲೇ ಉಳಿಯಿತು. ಕಾಗದ ನಿಂತಿತು, ಭವನದ ವಾಹನವೂ ನಿಂತಿತು. ಸುಯಿನ್ ಬುಧವಾರಗಳಂದು ರಜೆ ಹಾಕಿ, ತಮ್ಮದೇ ಕಾಗದದ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ಸುರುಳಿ ಖಾಲಿಯಾದಾಗ ಹಳೆಯ ಪತ್ರಿಕೆಗಳ ಮೇಲೆ ಬರೆಸಿದರು. ತರಗತಿ ಒಮ್ಮೆಯೂ ತಪ್ಪಲಿಲ್ಲ.

ಸೇತುವೆ ಮುಗಿದು ನೋಡುಗರ ದಂಡು ಬರತೊಡಗಿದಾಗ ಜಿಲ್ಲೆಗೆ ಅದೇ ಹೆಮ್ಮೆಯ ವಿಷಯವಾಯಿತು. ಉದ್ಘಾಟನೆಯ ಸಭಾಂಗಣಕ್ಕೆ ಸೇತುವೆಯಿರುವ ಮಸಿಚಿತ್ರ ಬೇಕೆಂದು ಲುವೊ ಅವರೇ ಶಿಮೆನ್‌ಪೊಗೆ ಬಂದರು. ಚ್ಯೂಲಿಯೆನ್ ಗೋಡೆಯಿಂದ ಚಿತ್ರವನ್ನಿಳಿಸಿ, ಧೂಳು ಒರೆಸಿ, ಕೊಡುವ ಮುನ್ನ ಕೇಳಿದಳು.

"ಮಂಜು ಬೇಡ್ವಾ ಸರ್?"

ಲುವೊ ನಕ್ಕರು, ಅದು ಅವರ ದೊಡ್ಡತನ. ಅಂದಿನಿಂದ ಭವನದ ಕಾಗದವೂ ಮತ್ತೆ ಬಂತು. ಈ ಸಂಪುಟಕ್ಕೆ ಅವರೂ ಒಂದು ಲೇಖನ ಕೊಟ್ಟಿದ್ದಾರೆ. ಅದರಲ್ಲಿ ಕಂಬದ ಪ್ರಸಂಗವಿರಬೇಕಾದ ಜಾಗದಲ್ಲಿ ಮಾತ್ರ ದಟ್ಟ ಮಂಜು ಕವಿದಿದೆ.

ನಿವೃತ್ತಿಯ ಹೊತ್ತಿಗೆ ಸುಯಿನ್ ಅವರ ಹುದ್ದೆಯೊಂದಿಗೆ ತರಗತಿಯೂ ಮುಗಿಯುವುದೆಂದೂ, ಶಾಲೆಯ ಬೀಗದ ಕೈಯನ್ನು ಬೀಳ್ಕೊಡುಗೆಯ ದಿನ ಭವನಕ್ಕೆ ಒಪ್ಪಿಸಬೇಕೆಂದೂ ಆದೇಶವಾಗಿತ್ತು. ಯಾರಿಗೂ ತಲೆಬಾಗದ ಆಕೆ ಅಂದು ಸಪ್ಪಗಿದ್ದರು. ಕೈಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಭಾಷಣಗಳನ್ನು ಕೇಳುತ್ತಿದ್ದರು. ಕೊನೆಗೆ ಶಿಮೆನ್‌ಪೊ ಹೆಂಗಸರು ವೇದಿಕೆಯೇರಿ, ಎಲ್ಲರೂ ಸೇರಿ ಬರೆದ ಒಂದು ಉದ್ದನೆಯ ಚಿತ್ರವನ್ನು ಬಿಚ್ಚಿ ಹಿಡಿದರು. ಕಣಿವೆ, ಸೇತುವೆ, ಲಾರಿಗಳ ಸಾಲು, ಹಂದಿಗೂಡು, ಶಾಲೆ, ಅಂಗಳದಲ್ಲಿ ಕುಂಚ ಹಿಡಿದು ಕೂತ ತಾವೆಲ್ಲರೂ ಅದರಲ್ಲಿದ್ದರು. ಅಂಗಳದ ನಟ್ಟನಡುವೆ ಮಾತ್ರ ಬಿಳಿಯ ಕಾಗದ ಹಾಗೇ ಇತ್ತು.

ಸುಯಿನ್ ಅವರ ಕಣ್ಣು ಅಲ್ಲಿಗೇ ಹೋಯಿತು. "ಇಲ್ಲಿ ಮಂಜು ಯಾಕೆ ಬಿಟ್ರಿ?" ಎಂದರು.

"ಮಂಜಲ್ಲ ಟೀಚರ್, ನಿಮ್ಮ ಜಾಗ," ಎಂದಳು ಚ್ಯೂಲಿಯೆನ್. "ಬುಧವಾರ ಬಂದು ನೀವೇ ಬರ್ಕೊಳ್ಳಿ. ಮಸಿ ಅರೆದಿಟ್ಟಿರ್ತೀವಿ."

ಸುಯಿನ್ ಆ ಬಿಳಿಯ ಜಾಗವನ್ನೊಮ್ಮೆ ನೋಡಿದರು. ಆಮೇಲೆ ಒಪ್ಪಿಸಲೆಂದು ಹೊರತೆಗೆದಿದ್ದ ಬೀಗದ ಕೈಯನ್ನು, ಲುವೊ ಅವರು ಚಾಚಿದ ಕೈಯ ಎದುರಿಗೇ, ಮತ್ತೆ ಚೀಲದೊಳಗೆ ಹಾಕಿಕೊಂಡರು. ಲುವೊ ತಮ್ಮ ಕೈಯನ್ನು ಚಪ್ಪಾಳೆಗೆ ಬಳಸಿಕೊಂಡರು.

ಮಾನ್ಯ ತಾನ್ ಸುಯಿನ್ ಅವರ ಆಯುಷ್ಯ ದೀರ್ಘವಾಗಲಿ, ಕಣ್ಣೂ ಕೈಯೂ ಗಟ್ಟಿಯಾಗಿರಲಿ, ಆ ಹಟ ಹಾಗೆಯೇ ಇರಲಿ. ಬುಧವಾರದ ಬಸ್ಸು ಎಂದೂ ಅವರನ್ನು ಬಿಟ್ಟು ಹೊರಡದಿರಲಿ.