ವಲ್ಲಿಯೊಳಗಿನ ಒಂದು ಬೆರಳು

ನೆರೆಯವನು ಬೆಳೆಯತೊಡಗಿದಾಗ ಮೊದಲು ಉಪಕಾರ ಮಾಡುತ್ತಾನೆ. ಇದನ್ನು ನಾನು ಸಾಲೆಯಲ್ಲಿ ಕಲಿತದ್ದಲ್ಲ. ಸಾಂಗ್ಲಿ ಪೇಟೆಯ ಆಚೆ ದಾರಿಯಿಲ್ಲದ ಒಂದು ಕುರುಡು ಓಣಿಯಲ್ಲಿ, ಪುಕ್ಕಟೆ ತಗಡಿನ ಕೆಳಗೆ ಕೂತು ಕಲಿತದ್ದು.

ಆಗ ಸಂಸ್ಥಾನದ ಕಾಲ. ಓಣಿಯ ಬಾಯಿಗೆ ಸಾವಕಾರರ ದೊಡ್ಡ ಅಂಗಡಿ, ಕಟ್ಟಕಡೆಗೆ ನನ್ನ ಸಣ್ಣದು. ನಡುವೆ ಮೂರು: ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುವ ಹಗ್ಗ-ಮಿಣಿ ಮಾರುವಾಕೆ, ಎದುರಿಗೆ ಮೆಣಸಿನಕಾಯಿಯವ, ಪಕ್ಕಕ್ಕೆ ತಂಬಾಕಿನವ. ಹರಿಪುರದಿಂದ ಅರಿಸಿಣದ ಬುಟ್ಟಿ ತಲೆ ಮೇಲೆ ಹೊತ್ತು ಮಾರುತ್ತ ಅಂಗಡಿಗೆ ಏರಿದವನು ನಾನು. ಕಡೆಯ ಅಂಗಡಿ ಯಾಕೆ ಹಿಡಿದೆ ಅಂತ ಎಲ್ಲರೂ ನಕ್ಕಿದ್ದರು. ಅವರಿಗೆ ತಿಳಿಯದ್ದು ಇಷ್ಟೇ: ಒಳಗೆ ಬಂದ ಗಾಡಿ ತಿರುಗುವುದಕ್ಕೆ ನನ್ನ ಅಂಗಡಿ ಮುಂದೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಎತ್ತು ತಿರುಗುವಷ್ಟು ಹೊತ್ತು ರೈತ ನನ್ನ ಮುಖ ನೋಡಲೇಬೇಕು. ಆ ಹೊತ್ತಿನಲ್ಲೇ ನನ್ನ ವ್ಯಾಪಾರ, ನನ್ನ ಮಕ್ಕಳ ಅನ್ನ.

ಸಾವಕಾರರು ಬೆಳೆದರು. ಮೊದಲು ಓಣಿಗೆಲ್ಲ ತಗಡು ಹೊದಿಸಿದರು. ಮಳೆಗಾಲ, ಎಲ್ಲರೂ ಕೈ ಮುಗಿದೆವು. ಆಮೇಲೆ ತಗಡಿನ ಕೆಳಗೆ ಅವರ ಚೀಲಗಳು ಬಂದವು. ಚೀಲದ ಬೆನ್ನಿಗೆ ಅವರ ಆಳೆತ್ತರದ ತಕ್ಕಡಿ ಬಂತು. ಅದರ ಮುಂದೆ ನನ್ನ ತಕ್ಕಡಿ ಮಕ್ಕಳ ಆಟಿಕೆಯ ಹಾಗೆ ಕಾಣುತ್ತಿತ್ತು. ಹಮಾಲರು ‘ಸಾವಕಾರ್ ಓಣಿ’ ಅನ್ನತೊಡಗಿದರು. ಮ್ಹೈಸಾಳದಿಂದ ಬರುವ ತವರಿನವರಿಗೆ ನನ್ನ ಹೆಂಡತಿಯೇ, “ಸಾವಕಾರ್ ಓಣಿ ಅಂತ ಕೇಳ್ರಿ, ಯಾರರ ತೋರಸ್ತಾರ” ಎಂದು ಹೇಳಿ ಕಳಿಸಿದಳು. ಅವತ್ತು ನನಗೆ ಊಟ ಸೇರಲಿಲ್ಲ.

ಕಡೆಗೆ ಒಂದು ದಿನ ಸಾವಕಾರರು, ಓಣಿಯ ಬಾಯಿಗೆ ದೊಡ್ಡ ಬಾಗಿಲು ಕೂಡಿಸಿ ತಮ್ಮ ಕಾವಲುಗಾರನನ್ನು ಇಡುತ್ತೇನೆ ಅಂದರು.

“ಕಳ್ಳರ ಕಾಟ ರೀ.”

“ಯಾವಾಗ ಬಂದಿದ್ದರ್ರಿ ಕಳ್ಳರು?” ಅಂದೆ.

“ಇನ್ನೂ ಬಂದಿಲ್ಲ. ಬರೂದರೊಳಗ ಕೂಡಸೂಣು.”

ಬಾಗಿಲು ಅವರದಾದರೆ ಕೀಲಿಯೂ ಅವರದೇ. ಆಮೇಲೆ ಗಾಡಿಗಳೆಲ್ಲ ಓಣಿಯ ಬಾಯಲ್ಲೇ, ಅವರ ತಕ್ಕಡಿಯ ಹತ್ತಿರವೇ ಖಾಲಿಯಾಗಿ ಹಿಂದಕ್ಕೆ ಹೋಗುತ್ತವೆ. ನನ್ನ ಅಂಗಡಿ ಮುಂದೆ ತಿರುಗುವುದು ಗಾಳಿ ಒಂದೇ. ಆದರೆ ಓಣಿಯವರೆಲ್ಲ ಒಪ್ಪಿದರೆ ಮಾತ್ರ ಬಾಗಿಲು ಅಂತ ಸಂಸ್ಥಾನದ ಕಚೇರಿ ಹೇಳಿತ್ತು. ಹಾಗಾಗಿ ಸಾವಕಾರರು ಒಬ್ಬೊಬ್ಬರ ಅಂಗಡಿಗೆ ನಡೆದು ಬಂದರು.

ನಮ್ಮ ಪೇಟೆಯಲ್ಲಿ ಅರಿಸಿಣದ ದರ ಬಾಯಲ್ಲಿ ಆಡುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಶಲ್ಯವನ್ನು, ಇಬ್ಬರ ಕೈ ಮೇಲೆ ಹೊದಿಸಿ, ಅದರೊಳಗೆ ಬೆರಳು ಹಿಡಿದು ತಿಳಿಸುವುದು. ವಲ್ಲಿಯೊಳಗೆ ಆದ ಮಾತು ಹೊರಗೆ ಆಡಬಾರದು. ಆಡಿದವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ.

ನನ್ನ ಹತ್ತಿರ ಬಂದ ಸಾವಕಾರರು, “ಬಾಗಲಾ ಆದಮ್ಯಾಲೆ ಗಾಡಿ ಮೊದಲು ಯಾರ ಮುಂದ ನಿಲ್ಲಬೇಕು ಅನ್ನೂದು ನನ್ನ ಕೈಯಾಗ ಐತಿ” ಅಂದು, ವಲ್ಲಿ ಹೊದಿಸಿ, ನನ್ನ ತೋರುಬೆರಳು ಒತ್ತಿದರು. ಒಂದು. ಮೊದಲನೆಯ ಅಂಗಡಿ ನನ್ನದು! ಓಣಿಯ ಕಟ್ಟಕಡೆಯ ಅಂಗಡಿಗೆ ಎಲ್ಲರಿಗಿಂತ ಮೊದಲು ಬರಬೇಕಾದರೆ ಎತ್ತುಗಳು ಮಾಳಿಗೆ ಹಾರಿ ಬರಬೇಕು ಅನ್ನುವುದು ಆ ಗಳಿಗೆಗೆ ಹೊಳೆಯಲಿಲ್ಲ. ವಲ್ಲಿಯೊಳಗೆ ಕೈ ಬೆಚ್ಚಗಿರುತ್ತದೆ ನೋಡಿ. ಆದರೂ ಮೊದಲ ದಿನವೇ ಹೂಂ ಅನ್ನದಿರುವುದು ನನ್ನ ರೂಢಿ. ನೀವೂ ರೂಢಿ ಮಾಡಿಕೊಳ್ಳಿ. “ವಿಚಾರ ಮಾಡಿ ಹೇಳತೀನ್ರಿ” ಅಂದೆ.

ಮರುದಿನ ನೋಡಿದರೆ ಮೆಣಸಿನಕಾಯಿಯವ ಸೀಟಿ ಊದುತ್ತಿದ್ದ. ತಂಬಾಕಿನವ ಒಗೆದ ರುಮಾಲು ಸುತ್ತಿಕೊಂಡು ಬಂದಿದ್ದ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ನಾನೂ ಅವರನ್ನು ಕನಿಕರದಿಂದಲೇ ನೋಡಿದೆ. ಅಷ್ಟರಲ್ಲಿ ಕಾಕು ಬಂದರು.

“ತಮ್ಮಾ, ಇನ್ನ ಗಾಡಿ ಮೊದಲು ನನ್ನ ಮುಂದ ನಿಲ್ತಾವಂತ. ನಿನ್ನ ಬುಟ್ಟಿ ಸ್ವಲ್ಪ ಸರಿಸ್ಕೋ.”

“ಯಾರು ಹೇಳಿದರ್ರಿ ಕಾಕು?”

“ಮತ್ಯಾರು, ಸಾವಕಾರ. ಬಾಯಿಲೆ ಹೇಳ್ಯಾನ.”

ಬಾಯಿಲೆ! ಪೇಟೆಯಲ್ಲಿ ಗಂಡಸು ಹೆಣ್ಣುಮಗಳ ಕೈಯನ್ನು ವಲ್ಲಿಯೊಳಗೆ ಹಿಡಿಯುವಂತಿಲ್ಲ. ಹಾಗಾಗಿ ಕಾಕುಗೆ ಬಾಯಿಬಿಟ್ಟೇ ಹೇಳಬೇಕಾಗಿತ್ತು. ಬಾಯಿಬಿಟ್ಟದ್ದಕ್ಕೆ ವಲ್ಲಿಯ ಆಣೆ ಇಲ್ಲ.

ಮೆಣಸಿನಕಾಯಿಯವನನ್ನೂ ತಂಬಾಕಿನವನನ್ನೂ ಕರೆದೆ. ನಿಮಗೇನು ಹೇಳಿದರು ಅಂತ ಕೇಳಿದರೆ ಇಬ್ಬರೂ ತುಟಿ ಹೊಲಿದುಕೊಂಡರು. ವಲ್ಲಿಯ ಮಾತಲ್ಲವೆ!

“ಹೇಳಬ್ಯಾಡ್ರೋ,” ಅಂದರು ಕಾಕು. “ಒತ್ತಿದ ಬೆರಳು ತೋರಸ್ರಿ.”

ಮೂವರು ಗಂಡಸರು, ಮೂರು ತೋರುಬೆರಳು. ಮೆಣಸಿನಕಾಯಿಯವ ತನ್ನ ಬೆರಳನ್ನು ಪರರದೇನೋ ಅನ್ನುವ ಹಾಗೆ ನೋಡಿಕೊಂಡ.

“ಒಂದು ಓಣ್ಯಾಗ ನಾಕು ಮೊದಲನೇ ಅಂಗಡಿ!” ಕಾಕು ನಕ್ಕೂ ನಕ್ಕೂ ಹಗ್ಗದ ಸಿಂಬೆಯ ಮೇಲೆ ಕೂತುಬಿಟ್ಟರು.

ತಂಬಾಕಿನವನಿಗೆ ಸಿಟ್ಟು ನೆತ್ತಿಗೇರಿತು. “ಈಗಿಂದೀಗ ಅವನ ತಗಡು ಕಿತ್ತು ಒಗೀತೀನಿ.”

“ತಗಡು ಕಿತ್ತರ ತೊಯ್ಯೋರು ನಾವ,” ಅಂದೆ. ಬೆಳೆದ ನೆರೆಯವನೊಡನೆ ಜಗಳ ಬೇಡ, ಅವನ ಕಾಲು ಹಿಡಿಯುವುದೂ ಬೇಡ. ಒಬ್ಬೊಬ್ಬರಾಗಿ ಅವನ ಕೈಗೆ ಕೈ ಕೊಡದಿದ್ದರೆ ಸಾಕು. ಇಂಗ್ರೇಜರು ಸಾಂಗ್ಲಿಯ ಅರಸರ ಬೆರಳು ಬೇರೆ ಒತ್ತಿದರು, ಮಿರಜದ ಅರಸರದು ಬೇರೆ ಒತ್ತಿದರು. ಎರಡೂ ಕಡೆಯವರು ತಾವೇ ಮೊದಲು ಅಂತ ಕೂತಿದ್ದರು. ನಮಗೂ ಅದೇ ಗತಿ ಯಾಕೆ? “ಓಣಿ ಪರವಾಗಿ ಕಾಕು ಒಬ್ಬರೇ ಮಾತಾಡಲಿ” ಅಂದೆ.

“ನಾ ಹಗ್ಗ ಮಾರಾಕಿ. ನನಗೇನು ತಿಳೀತದೋ?”

“ನಿಮ್ಮ ಕೈ ಅವರು ಹಿಡಿಯೂಹಂಗಿಲ್ಲ ಕಾಕು. ಅಷ್ಟ ಸಾಕು.”

ಸಾವಕಾರರು ಬಂದರು. ಕೂತವರೇ ರೂಢಿಯಂತೆ ಹೆಗಲ ವಲ್ಲಿ ತೆಗೆದರು. ಎದುರಿಗೆ ಯಾರಿದ್ದಾರೆ ಅಂತ ನೋಡಿ, ಅದರಿಂದ ಮುಖ ಒರೆಸಿಕೊಂಡರು.

“ಹೇಳಪಾ, ಗಾಡಿ ಮೊದಲು ಯಾರ ಮುಂದ? ಜೋರಲೆ ಹೇಳು, ನನಗ ಕಿವಿ ಮಂದ,” ಅಂದರು ಕಾಕು.

ಹಗ್ಗದ ರಾಶಿಯೊಳಗೆ ಇಲಿ ಮಿಸುಕಿದರೂ ಕೇಳುವ ಕಿವಿ ಅವು. ಹಮಾಲರು ಚೀಲ ಇಳಿಸಿ ನಿಂತರು. ಸಾವಕಾರರು ನನ್ನ ಕಡೆ ನೋಡಿದರು, ನಾನು ತಗಡು ನೋಡಿದೆ. ಅವರಿಗೆ ಲಾಭದ ಮಾತು ಕನ್ನಡದಲ್ಲಿ, ಸಿಟ್ಟು ಮರಾಠಿಯಲ್ಲಿ. “ಕಾಕೂ, ಅಸಂ ಕಸಂ ಚಾಲೇಲ್?” ಹೀಂಗಾದರ ಹೆಂಗ ನಡೀತದ ಅಂತ.

“ಚಾಲೇಲ್, ಚಾಲೇಲ್,” ಅಂದರು ಕಾಕು, ಮಿಣಿ ಹೊಸೆಯುತ್ತ.

ನಾಲ್ವರಿಗೂ ಕೊಟ್ಟ ಒಂದೇ ಮಾತನ್ನು ಹಮಾಲರ ಮುಂದೆ ಜೋರಾಗಿ ಹೇಳುವಂತಿರಲಿಲ್ಲ, ನಾವು ಒಪ್ಪದೆ ಬಾಗಿಲೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಾಯಿಲೇ ಮುಗಿಯಿತು. ಬಾಗಿಲು ಸಾವಕಾರರದು, ಕಾವಲುಗಾರನ ಪಗಾರವೂ ಅವರದೇ, ಕೀಲಿ ಮಾತ್ರ ಕಾಕುವಿನ ಟೊಂಕಕ್ಕೆ. ದೊಡ್ಡ ತಕ್ಕಡಿ ಇರಲಿ, ಆದರೆ ಎಲ್ಲರ ಮಾಲೂ ಅದರಲ್ಲಿ ತೂಗಬೇಕು. ಗಾಡಿ ಒಳಗೆ ಬಂದು, ನನ್ನ ಮುಂದೆ ತಿರುಗಿ, ಆಮೇಲೆಯೇ ತಕ್ಕಡಿಗೆ ಹೋಗಬೇಕು. ಕಡೆಯ ಈ ಮಾತನ್ನು ಕಾಕು ನನ್ನ ಕಡೆ ನೋಡದೆಯೇ ಹೇಳಿದರು.

ಬಾಗಿಲ ಮೇಲೆ ‘ಸಾವಕಾರ್ ಓಣಿ’ ಅಂತ ಫಲಕ ಹಾಕಲಿ ಅಂದವನು ನಾನು. ತಂಬಾಕಿನವ ಎರಡು ದಿನ ನನ್ನ ಸಂಗಡ ಮಾತು ಬಿಟ್ಟ. ಬೆಳೆದವನಿಗೆ ಬರಿಗೈಲಿ ಎದ್ದು ಹೋಗುವ ಪ್ರಸಂಗ ತರಬಾರದು, ಹೆಸರು ಕೊಡಿ. ಹೆಸರಿಗೇನು ಊಟ ಹಾಕಬೇಕೆ? ಹೇಗೂ ನನ್ನ ಹೆಂಡತಿ ಅದನ್ನು ಮ್ಹೈಸಾಳದ ತನಕ ಮುಟ್ಟಿಸಿಯೇ ಇದ್ದಳು.

ಕೆಲವು ವರ್ಷ ಕಳೆದವು. ಒಂದು ಮಳೆಗಾಲಕ್ಕೆ ಮಿರಜದ ಕಡೆಯಿಂದ ಇನ್ನೂ ದೊಡ್ಡ ವ್ಯಾಪಾರಿಯೊಬ್ಬ ಬಂದು, ಓಣಿಯ ಹೊರಗಿನ ಪೇಟೆಯ ಬೀದಿಗೆಲ್ಲ ಪುಕ್ಕಟೆ ತಗಡು ಹೊದಿಸಿದ. ನಮ್ಮ ಸಾವಕಾರರ ಅಂಗಡಿಯ ಮುಂದೆಯೂ ಹೊದಿಸಿದ. ತಿಂಗಳು ತುಂಬುವುದರೊಳಗೆ ಸಾವಕಾರರು ವಲ್ಲಿಯನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಕಾಕುವಿನ ಕಟ್ಟೆಗೆ ಬಂದು ಕೂತರು.

“ಕಾಕೂ, ನನ್ನ ಕಡಿಂದನೂ ನೀವ ಮಾತಾಡಬೇಕ್ರಿ.”

ಕಾಕು ಮಿಣಿಯಿಂದ ತಲೆ ಎತ್ತಲಿಲ್ಲ. “ಯಾವ ಬೆರಳು ಒತ್ಯಾನಪಾ?”

ಸಾವಕಾರರು ಅತ್ತ ಇತ್ತ ನೋಡಿ, ಮೆಲ್ಲಗೆ ತೋರುಬೆರಳು ಎತ್ತಿದರು.