ಒಡಕು ಸ್ವರ

ಬೊಂಬಾಯಿಯಲ್ಲಿ ನಾನು ಕೆಲಸಕ್ಕಿದ್ದ ಹೋಟೆಲಿನ ಮಾಳಿಗೆಯಲ್ಲಿ ಒಂದು ವಾದ್ಯಗೋಷ್ಠಿಯವರು ಅಭ್ಯಾಸ ಮಾಡುತ್ತಿದ್ದರು. ಅವರ ಗಿಟಾರಿನ ಮೇಷ್ಟ್ರು ನನಗೆ ಕಲಿಸಿದ್ದಲ್ಲದೆ ತಮ್ಮ ಹಳೆಯ ಎಲೆಕ್ಟ್ರಿಕ್ ಗಿಟಾರನ್ನೂ ಕೊಟ್ಟರು. ಅವರ ಗುಟ್ಟು ಇಷ್ಟೇ: ಗಾಜಿನ ವಾಲ್ವುಗಳಿರುವ ಆಂಪ್ಲಿಫೈಯರ್ ಚೆನ್ನಾಗಿ ಬಿಸಿಯಾಗಬೇಕು, ವಾಲ್ಯೂಮಿನ ಗುಬ್ಬಿ ಕೊನೆಯವರೆಗೆ ತಿರುಗಬೇಕು. ಆಗ ಸ್ವರ ಅಂಚಿನಲ್ಲಿ ಒಡೆದು ದಪ್ಪಗಾಗುತ್ತದೆ. ಆ ಒಡಕೇ ಬೇಕಾದದ್ದು. ಅದಿಲ್ಲದ ಗಿಟಾರ್ ನನಗೆ ಉಪ್ಪಿಲ್ಲದ ಗಂಜಿಯಂತೆ ಕೇಳುತ್ತಿತ್ತು.

ಗೋಷ್ಠಿಗೆ ಸೇರಲು ಕರೆ ಬಂದಾಗ ಅಪ್ಪ ಕೆರಳಿದರು. "ಹೋಟ್ಲ್ ಕೆಲ್ಸ ಬಿಟ್ ತಂತಿ ಮೀಟೂಕ್ ಹೋತ್ಯಾ? ಅಕ್ಕನ್ ಮದಿಗ್ ಬಾರ್ಸ್, ಕೇಂತೆ. ಚಂದ ಇದ್ರೆ ಹೋಯ್ಲಕ್" ಎಂದರು. ಚೆನ್ನಾಗಿದ್ದರೆ ಹೋಗಬಹುದು, ಅದು ಅವರ ಷರತ್ತು.

ಮದುವೆ ಹೆಮ್ಮಾಡಿಯ ನಮ್ಮ ಅಂಗಳದಲ್ಲೇ. ಕೋಟೇಶ್ವರದಿಂದ ಮೈಕ್ ಸೆಟ್ ಬಂದಿತ್ತು, ತೆಂಗಿನಮರಕ್ಕೆ ಹಾರ್ನ್ ಕಟ್ಟಿದ್ದರು. ಊಟದ ಪಂಕ್ತಿ ಕೂತಾಗ ಆ ಸೆಟ್ಟಿನ ವಾಲ್ವಿನ ಆಂಪ್ಲಿಫೈಯರಿಗೇ ಗಿಟಾರ್ ಸಿಕ್ಕಿಸಿ ಮೆಲ್ಲಗೆ ಶುರುಮಾಡಿದೆ. ಜನ ತಲೆದೂಗಿದರು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ವಾಲ್ವುಗಳು ಕೆಂಪಗೆ ಕಾದದ್ದು ನೋಡಿ ಗುಬ್ಬಿಯನ್ನು ಪೂರ್ತಿ ತಿರುಗಿಸಿದೆ. ಬಂತು, ಅದೇ ಸ್ವರ. ಮೇಷ್ಟ್ರ ಕೈಯಲ್ಲೂ ಅಷ್ಟು ಚೆನ್ನಾಗಿ ಕೇಳಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

"ಹ್ವಾಯ್, ಸೆಟ್ ಹೋಯ್ತ್!" ಮೈಕಿನವರು ಓಡಿ ಬಂದರು. ನಮ್ಮ ಕಡೆ ಹಾರ್ನಿನ ಸ್ವರ ಒಡೆಯಿತೆಂದರೆ ಮೈಕಿನವರ ಮರ್ಯಾದೆ ಹೋದಂತೆ. ಕಣ್ಣು ಬಿಟ್ಟರೆ ಗಂಡಿನ ಕಡೆಯವರು ಎಂಜಲು ಕೈಯಲ್ಲೇ ಕಿವಿ ಮುಚ್ಚಿದ್ದರು. ಅಕ್ಕ ತಲೆ ತಗ್ಗಿಸಿದ್ದಳು.

ಅಷ್ಟರಲ್ಲಿ ಅಪ್ಪ ಮೈಕ್ ಹಿಡಿದರು. ಜೀವಮಾನದಲ್ಲಿ ಅದನ್ನು ಮುಟ್ಟಿದವರಲ್ಲ. "ಯಾರೂ ಬೇಜಾರ್ ಮಾಡ್ಕಣ್ಬೇಡಿ. ನಮ್ ಮಾಣಿ ಸೆಟ್ ಹಾಳ್ ಮಾಡ್ದ. ಅವ್ನಿಗ್ ಗೊತ್ತಾಯ್ಲ. ಊಟ ಮಾಡಿ."

ಗುಬ್ಬಿ ಇನ್ನೂ ಕೊನೆಯಲ್ಲೇ ಇತ್ತು. ಅಪ್ಪನ ಮಾತು ನನ್ನ ಗಿಟಾರಿನಂತೆಯೇ ದಪ್ಪಗೆ ಒಡೆದು ಊರಿಗೆಲ್ಲ ಕೇಳಿತು. ಪಂಕ್ತಿ ಗೊಳ್ಳೆಂದು ನಕ್ಕಿತು. ನಕ್ಕದ್ದು ನನ್ನನ್ನು ನೋಡಿ ಅಲ್ಲ, ಅಪ್ಪನ ಒಡಕು ದನಿ ಕೇಳಿ. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಸೆಟ್ ಹಾಳಾಗಿಲ್ಲ, ಅದು ಹಾಗೇ ಇರಬೇಕು ಎಂದು ಯಾರಿಗೆ ಹೇಳಲಿ?

ಅಪ್ಪ ಮೈಕ್ ಇಟ್ಟು ನನ್ನ ಹತ್ತಿರ ಬಂದರು. ಬೈಯುತ್ತಾರೆಂದು ಕಾದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದರು:

"ಸೆಟ್ ಹಾಳಾಪುಕ್ ಮುಂಚೆ ಚಂದ ಇತ್ತ್ ಮಗಾ. ಹೋಯ್ಲಕ್."