ಸೈಟಿಗಿಂತ ದೊಡ್ಡ ಮನೆ

ಹುಮನಾಬಾದಿನ ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ಆದರೂ ಬಸವಕಲ್ಯಾಣದ ನಮ್ಮ ಹೊಸ ಮನೆಯ ತೆರಿಗೆ ಫಾರಂ ಕೈಗೆ ಬಂದಾಗ ತಲೆ ಗಿರ್ರೆಂದಿತು. ಸೈಟು ಎಷ್ಟು, ಕಟ್ಟಡ ಎಷ್ಟು, ಕಟ್ಟಿ ಎಷ್ಟು ವರ್ಷವಾಯಿತು, ನೀವೇ ಇದ್ದೀರೋ ಬಾಡಿಗೆಗೆ ಕೊಟ್ಟಿದ್ದೀರೋ, ಎಲ್ಲವನ್ನೂ ಮನೆಯವರೇ ಅಳೆದು ಬರೆಯಬೇಕಂತೆ. ನಾವೇ ಬರೆಯುವುದಾದರೆ ಸ್ವಲ್ಪ ಕಡಿಮೆ ಬರೆದರಾಯಿತು, ಯಾರಿಗೆ ಗೊತ್ತಾಗುತ್ತದೆ? ಪಾಠ ಹೇಳುವವಳ ಬುದ್ಧಿ ನೋಡಿ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ನಮ್ಮದು ಮೂಲೆಮನೆ, ಎರಡು ಕಡೆ ರಸ್ತೆ. ಭಾನುವಾರ ಟೇಪಿನ ಒಂದು ತುದಿಯನ್ನು ಅವ್ವನಿಗೆ ಕೊಟ್ಟು ಗೋಡೆಯ ಮೂಲೆಗೆ ನಿಲ್ಲಿಸಿದೆ. ಇನ್ನೊಂದು ತುದಿಯನ್ನು ನಾನು ಎರಡು ಬೆರಳು ಒಳಗೇ ಹಿಡಿದೆ. ಅಷ್ಟು ಮಾಡಿಯೂ ಮೂವತ್ತು ನಲವತ್ತರ ಸೈಟಿನಲ್ಲಿ ಮೂವತ್ತೂವರೆ ನಲವತ್ತೂವರೆಯ ಮನೆ ಬಂತು! ಸೈಟಿನ ಅಂಚಿಗೇ ಗೋಡೆ ಎಬ್ಬಿಸಿದ್ದು ನಿಜ, ಆದರೆ ರಸ್ತೆಗಂತೂ ಇಳಿದಿರಲಿಲ್ಲ.

“ಅವ್ವಾ, ಟೇಪ್ ಎಲ್ಲಿ ಹಿಡದಿದ್ದಿ?”

“ಗ್ವಾಡಿ ಬಿಟ್ಟು ಒಂದ್ ಗೇಣು ಆಚಿ.”

“ಯಾಕ?”

“ಅಳತಿ ಮ್ಯಾಲ ಕೊಸರು ಬ್ಯಾಡೇನು?”

ನಮ್ಮ ಹಳ್ಳಿ ಮೋರಖಂಡಿಯಲ್ಲಿ ಕೂಲಿ ಮಾಡುತ್ತಿದ್ದಾಗ ಅವ್ವ ರಾಶಿಯಲ್ಲಿ ಜೋಳ ಅಳೆಯುತ್ತಿದ್ದಳು. ಸೇರು ತುಂಬಿದ ಮೇಲೂ ಒಂದು ಹಿಡಿ ಕೊಸರು ಹಾಕದೆ ಯಾರಿಗೂ ಕೊಟ್ಟವಳಲ್ಲ. ಆ ಕೈ ಮನೆಯನ್ನೂ ಹಾಗೇ ಅಳೆದಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಇದು ಜ್ವಾಳ ಅಲ್ಲವ್ವಾ! ಕೊಸರಿಗೂ ತೆರಿಗಿ ಬೀಳ್ತದ! ತಡಿ, ಬಚ್ಚಲಾ ಬಿಟ್ಟೇ ಬರೀತೀನಿ.”

ಅವ್ವ ಟೇಪು ಕೆಳಗೆ ಹಾಕಿ ಬಾಗಿಲ ಪಾವಟಿಗೆಯ ಮೇಲೆ ಕುಳಿತಳು.

“ಏ ಪೋರಿ, ಮನಿ ನನ್ನ ಹೆಸರಿಲೆ ಮಾಡೀದಿ. ಅರ್ಧಾ ಮನಿ ಬರೀತಿ ಏನು? ಮೋರಖಂಡ್ಯಾಗ ಪಂಚಾಯ್ತಿಯವ ವರ್ಷಾ ಮನಿಪಟ್ಟಿ ತೆರಿಗಿ ಕೇಳಾಕ ಬರ್ತಿದ್ದ. ಎಲ್ಲರ ಬಾಗಲಿಗಿ ನಿಂತು ಕೂಗಂವ. ನಮ್ಮ ಗುಡಿಸಲು ಮಂದಿ ಜಾಗಾದಾಗ ಇತ್ತಲ್ಲ, ಕಾಗದದಾಗ ಇರಲೇ ಇಲ್ಲ. ದಾಟಿ ಹೋಗಿಬಿಡ್ತಿದ್ದ. ಒಮ್ಮೆರೆ ಕೇಳಲಿ ಅಂತ ನಾ ಬಾಗಲಾಗ ನಿಂತೇ ಇರ್ತಿದ್ದೆ.”

ಓಣಿಯವರೆಲ್ಲ ಆ ಮನುಷ್ಯನನ್ನು ಬೈದುಕೊಳ್ಳುತ್ತಿದ್ದದ್ದು ನನಗೆ ನೆನಪಿದೆ. ನಾವು ಬಚಾವಾದೆವು ಎಂದೇ ನಾನು ಖುಷಿಪಡುತ್ತಿದ್ದೆ. ಎಂಥ ದಡ್ಡಿ! ಕೆಳಗೆ ಬಿದ್ದಿದ್ದ ಟೇಪು ಎತ್ತಿಕೊಂಡೆ. ಇಬ್ಬರೂ ಮತ್ತೆ ಅಳೆದೆವು, ಗೋಡೆಯಿಂದ ಗೋಡೆಗೆ ಸರಿಯಾಗಿ, ಬಚ್ಚಲು ಸಮೇತ. ಅವಳ ಆ ಗೇಣು ಬಿಡಿಸುವಷ್ಟರಲ್ಲಿ ಮಾತ್ರ ಸಾಕುಬೇಕಾಯಿತು.

ಬೇಗ ತೆರಿಗೆ ಕಟ್ಟಿದರೆ ರಿಯಾಯಿತಿ ಎಂದು ಏಪ್ರಿಲ್‌ನಲ್ಲೇ ನಗರಸಭೆ ಕಚೇರಿಗೆ ಹೋದೆವು. ಊರೆಲ್ಲ ಅಲ್ಲೇ ನೆರೆದಿತ್ತು. ಕಿಟಕಿಯೊಳಗಿನ ಗುಮಾಸ್ತ ಫಾರಂ ತಿರುವಿ ಹಾಕಿ, “ಮಾಲಕರು ಯಾರ್ರಿ?” ಎಂದ.

ಅಭ್ಯಾಸಬಲದಿಂದ ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಳು. “ನಾನ್ರೀ! ಪೂರಾ ಅಳದು ಬರದೀವಿ, ನೋಡ್ರಿ.”

ದುಡ್ಡು ಕಟ್ಟಿ ರಸೀದಿ ಕೈಗೆ ಬಂದರೂ ಅವಳು ಕಿಟಕಿ ಬಿಡಲಿಲ್ಲ. “ಮುಂದಿನ ವರ್ಷನೂ ಕೇಳ್ತೀರಿಲ್ರಿ?”

“ವರ್ಷಾ ವರ್ಷಾ ಕೇಳ್ತೀವ್ರಿ ಬಾಯಿ. ನಿಮ್ಮನ್ನ ಬಿಡಂಗೇ ಇಲ್ಲ,” ಎಂದ ಗುಮಾಸ್ತ.

ಸಾಲಿನಲ್ಲಿದ್ದವರೆಲ್ಲ ಗೊಣಗಿದರು. ಅವ್ವ ಒಬ್ಬಳೇ ಬಾಯಿತುಂಬ ನಕ್ಕಳು.